ನೆರೆ ಇಳಿದ ಮೇಲೆ ಬರುವ ಜ್ವರ

ಕರಾವಳಿಯ ಬೇಸಾಯಗಾರರು ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ಮೂರಾಗಿ ವಿಂಗಡಿಸಿದ್ದರು. ನೀರು ನಿಲ್ಲುವ ತಗ್ಗಿನ ಗದ್ದೆ ಬೈಲು, ಮಳೆಯನ್ನೇ ನಂಬಿದ ಎತ್ತರದ ಗದ್ದೆ ಬೆಟ್ಟು, ಇವೆರಡರ ನಡುವಿನದು ಮಜಲು. ಏರು ಜಾಗದಲ್ಲಿ ಮನೆ, ಅದರ ಕೆಳಗೆ ಗದ್ದೆ, ಗದ್ದೆಯಾಚೆ ತೋಡು, ಅಂದರೆ ಹಳ್ಳ, ಎಂಬ ಕ್ರಮದಲ್ಲಿ ಊರುಗಳು ಬೆಳೆದವು. ಬೈಲಿನ ಮಧ್ಯೆ ಮನೆ ಕಟ್ಟುವ ಯೋಚನೆ ಯಾರಿಗೂ ಬರುತ್ತಿರಲಿಲ್ಲ. ಕಳೆದ ನಾಲ್ಕೈದು ದಶಕಗಳಲ್ಲಿ ಉಡುಪಿಯೂ ಮಂಗಳೂರೂ ಹಿಗ್ಗಿದಂತೆ ಎತ್ತರದ ಜಾಗಕ್ಕೆ ಬೆಲೆ ಬಂತು, ಬೈಲಿಗೆ ಮಣ್ಣು ಬಿತ್ತು. ಮಣ್ಣು ತುಂಬಿಸಿದ ಗದ್ದೆಯಲ್ಲಿ, ತೋಡಿನ ಬದಿಯ ಸರ್ಕಾರಿ ಪರಂಬೋಕು ಜಾಗದಲ್ಲಿ, ಕಡಿದ ಗುಡ್ಡದ ಬುಡದಲ್ಲಿ ಮನೆ ಮಾಡಿದವರಲ್ಲಿ ಬೇರೆಡೆ ಜಾಗ ಕೊಳ್ಳಲಾಗದವರೇ ಹೆಚ್ಚು.

2020ರ ಸೆಪ್ಟೆಂಬರ್ 20ರ ಭಾನುವಾರ ಬೆಳಗಾಗುವಾಗ ಉಡುಪಿಯ ತಗ್ಗು ಪ್ರದೇಶಗಳ ಮನೆಗಳಲ್ಲಿ ನೀರು ನಿಂತಿತ್ತು, ಬೀದಿಗಳಲ್ಲಿ ದೋಣಿಗಳು ಓಡಾಡುತ್ತಿದ್ದವು. ಅಂದು ಮುಳುಗಿದ ಜಾಗಗಳಲ್ಲಿ ಕಲ್ಸಂಕವೂ ಇತ್ತು, ಬೈಲಕೆರೆಯೂ ಇತ್ತು. ಒಂದರ ಹೆಸರಿನಲ್ಲಿ ಸಂಕ, ಅಂದರೆ ತೋಡು ದಾಟುವ ಸಣ್ಣ ಸೇತುವೆ ಇದೆ, ಇನ್ನೊಂದರ ಹೆಸರಿನಲ್ಲಿ ಬೈಲೂ ಕೆರೆಯೂ ಎರಡೂ ಇವೆ. ನೀರು ಹೊಸ ದಾರಿಯನ್ನೇನೂ ಹುಡುಕಿಕೊಂಡು ಬಂದಿರಲಿಲ್ಲ. ಅದೇ ರಾತ್ರಿ ಅದೇ ಮಳೆ ಮಣಿಪಾಲದ ಗುಡ್ಡದ ಮೇಲೂ ಸುರಿದಿತ್ತು. ಅಲ್ಲಿಯ ನೀರು ಇಳಿಜಾರಿನಲ್ಲಿ ಹರಿದುಹೋಯಿತು, ಇಲ್ಲಿಯ ನೀರು ಮನೆಯ ಅಕ್ಕಿ ಡಬ್ಬದೊಳಗೆ ಸೇರಿತು.

ಪ್ರಕೃತಿ ವಿಕೋಪದ ಅಪಾಯ ಮೂರು ಸಂಗತಿಗಳು ಸೇರಿ ಆಗುವಂಥದ್ದೆಂದು ಈ ವಿಷಯದ ತಜ್ಞರು ವಿವರಿಸುತ್ತಾರೆ. ಮಳೆಯೋ ಚಂಡಮಾರುತವೋ ಎಷ್ಟು ಜೋರಾಗಿತ್ತು, ಅದರ ಬಾಯಿಗೆ ಯಾರು ಸಿಕ್ಕಿದರು, ಸಿಕ್ಕಿದವರಿಗೆ ತಡೆದುಕೊಳ್ಳುವ ಶಕ್ತಿ ಎಷ್ಟಿತ್ತು ಎಂಬವೇ ಆ ಮೂರು. ಮೊದಲನೆಯದು ನಮ್ಮ ಕೈಯಲ್ಲಿಲ್ಲ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಉಳಿದ ಎರಡನ್ನು ಬಡತನ ನಿರ್ಧರಿಸುತ್ತದೆ, ಮತ್ತು ಆರೋಗ್ಯದ ಮಟ್ಟಿಗೆ ಅದು ಕೆಲಸ ಮಾಡುವ ರೀತಿ ನೀರಿನಲ್ಲಿ ಕೊಚ್ಚಿಹೋಗುವಷ್ಟು ಕಣ್ಣಿಗೆ ಕಾಣುವಂಥದ್ದಲ್ಲ.

ನೆರೆ ತಾನಾಗಿ ರೋಗಾಣುವನ್ನು ಹುಟ್ಟಿಸುವುದಿಲ್ಲ ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾಯಿತು, ಅಕ್ಟೋಬರಿನಲ್ಲಿ ಕಾಲರಾ ಕಾಣಿಸಿಕೊಂಡು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಆದರೆ ಆ ರೋಗಾಣು ಭೂಮಿ ಬಿರಿದದ್ದರಿಂದ ಬಂದದ್ದಲ್ಲ, ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಶಿಬಿರದ ಕೊಳಚೆಯ ಮೂಲಕ ನದಿ ಸೇರಿದ್ದು. ವಿಕೋಪದಲ್ಲಿ ಸತ್ತವರ ದೇಹಗಳಿಂದ ಸಾಂಕ್ರಾಮಿಕ ಹಬ್ಬುತ್ತದೆಂಬ ಭಯಕ್ಕೂ ಹೆಚ್ಚಿನ ಆಧಾರವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದಿದೆ. ನೆರೆ ಮಾಡುವುದು ಒಂದು ಊರಿನಲ್ಲಿ ಮೊದಲೇ ಇದ್ದುದನ್ನು ಎತ್ತಿ ತಂದು ಬೆರೆಸುವ ಕೆಲಸ. ಇಲಿಯ ಮೂತ್ರ ಗಟಾರದಲ್ಲಿತ್ತು, ಅದು ಅಂಗಳಕ್ಕೆ ಬಂತು. ಮಲ ಶೌಚದ ಗುಂಡಿಯಲ್ಲಿತ್ತು, ಅದು ಬಾವಿಗೆ ಇಳಿಯಿತು. ಗಟಾರವೂ ಗುಂಡಿಯೂ ಬಾವಿಯೂ ಎಷ್ಟು ಹತ್ತಿರ ಹತ್ತಿರ ಇದ್ದವೆಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಸ್ಪಷ್ಟಪಡಿಸಿಕೊಳ್ಳಬೇಕಾದ ಎರಡನೆಯ ಮಾತು ದಿನಗಳ ಲೆಕ್ಕಕ್ಕೆ ಸಂಬಂಧಿಸಿದ್ದು. ನಮ್ಮ ಕಡೆಯ ನೆರೆ ಬಿಹಾರದ ನೆರೆಯಂತೆ ವಾರಗಟ್ಟಲೆ ನಿಲ್ಲುವುದಿಲ್ಲ. ಘಟ್ಟದಿಂದ ಇಳಿದ ನೀರು ಹೆಚ್ಚೆಂದರೆ ಎರಡು ಮೂರು ದಿನ ನಿಂತು ಕಡಲು ಸೇರುತ್ತದೆ. ಶಾಲೆಯಲ್ಲಿ ತೆರೆದ ಕಾಳಜಿ ಕೇಂದ್ರ ಅಷ್ಟರಲ್ಲಿ ಮುಚ್ಚುತ್ತದೆ, ಮಕ್ಕಳು ತರಗತಿಗೆ ಮರಳುತ್ತಾರೆ, ಪತ್ರಿಕೆಗಳ ಮುಖಪುಟ ಬದಲಾಗುತ್ತದೆ. ಕಾಲರಾ ಕೆಲವು ಗಂಟೆಗಳಿಂದ ಐದು ದಿನಗಳೊಳಗೆ ಕಾಣಿಸಿಕೊಂಡುಬಿಡಬಹುದು, ಆದರೆ ಇಲಿಜ್ವರ ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನ ಮೈಯೊಳಗೆ ಸುಮ್ಮನಿರುತ್ತದೆ. ಟೈಫಾಯ್ಡ್ ಒಂದರಿಂದ ಮೂರು ವಾರ ತೆಗೆದುಕೊಳ್ಳುತ್ತದೆ. ಕಲುಷಿತ ನೀರಿನಿಂದ ಬರುವ ಕಾಮಾಲೆ, ಅಂದರೆ ಹೆಪಟೈಟಿಸ್ ಎ, ಹದಿನೈದರಿಂದ ಐವತ್ತು ದಿನಗಳ ನಡುವೆ ಯಾವಾಗ ಬೇಕಾದರೂ ಹೊರಬೀಳಬಹುದು. ಪರಿಹಾರದ ಕೆಲಸ ಮುಗಿಯುವ ಹೊತ್ತಿಗೆ ರೋಗದ ಕೆಲಸ ಇನ್ನೂ ಶುರುವಾಗಿರುವುದಿಲ್ಲ. ಈ ಲೇಖನದಲ್ಲಿ ಹೇಳಹೊರಟಿರುವುದು ಮುಖ್ಯವಾಗಿ ಈ ಅಂತರದ ಬಗ್ಗೆ.

ಇಲಿಜ್ವರದ ಉದಾಹರಣೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಬಡತನ ಒಂದು ರೋಗದ ಪ್ರತಿ ಮೆಟ್ಟಿಲಿನಲ್ಲೂ ಹೇಗೆ ಕಾಲಿಗೆ ತೊಡರುತ್ತದೆಂಬುದು ಇಲ್ಲಿ ಕಾಣುವಷ್ಟು ಚೆನ್ನಾಗಿ ಬೇರೆಡೆ ಕಾಣುವುದಿಲ್ಲ. ಲೆಪ್ಟೊಸ್ಪೈರಾ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾ ಇಲಿ, ಹೆಗ್ಗಣ, ದನ, ಹಂದಿ, ನಾಯಿಗಳ ಮೂತ್ರಪಿಂಡದಲ್ಲಿ ವಾಸವಾಗಿದ್ದು ಅವುಗಳ ಮೂತ್ರದೊಂದಿಗೆ ಹೊರಬರುತ್ತದೆ. ಬಿಸಿಲು ಬಿದ್ದು ಒಣಗಿದ ನೆಲದಲ್ಲಿ ಅದು ಬದುಕುವುದಿಲ್ಲ, ಉಪ್ಪುನೀರೂ ಅದಕ್ಕೆ ಆಗದು. ಆದರೆ ಹಸಿ ಮಣ್ಣಿನಲ್ಲಿ, ನಿಂತ ಸಿಹಿನೀರಿನಲ್ಲಿ ವಾರಗಟ್ಟಲೆ ಜೀವ ಹಿಡಿದಿರುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗಿನ ಕರಾವಳಿಯ ನೆಲ ಅದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ನೆರೆಯಿಲ್ಲದ ವರ್ಷಗಳಲ್ಲೂ ಇಲಿಜ್ವರ ಇದ್ದೇ ಇರುತ್ತದೆ. 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಬಳಿಕ, 2018ರ ಆಗಸ್ಟಿನಲ್ಲಿ ಕೇರಳ ಮುಳುಗಿದ ಬಳಿಕ ಈ ಜ್ವರ ಒಮ್ಮೆಲೇ ಏರಿದ್ದು ದಾಖಲಾಗಿದೆ.

ರೋಗಾಣು ಮೈಯೊಳಗೆ ಹೋಗಲು ಚರ್ಮದಲ್ಲಿ ಒಂದು ಬಿರುಕು ಸಾಕು. ದಿನವಿಡೀ ಕೆಸರಿನಲ್ಲಿ ನಿಲ್ಲುವವರ ಕಾಲ್ಬೆರಳುಗಳ ಸಂದಿ ಮಳೆಗಾಲದಲ್ಲಿ ಬಿಳುಪೇರಿ, ಸುಕ್ಕುಗಟ್ಟಿ, ಕೊನೆಗೆ ಒಡೆಯುತ್ತದೆ. ರಾತ್ರಿ ಮಲಗುವ ಮುನ್ನ ಅದಕ್ಕೆ ಎಣ್ಣೆಯನ್ನೋ ಅರಿಶಿನವನ್ನೋ ಹಚ್ಚಿ ಮರುದಿನ ಅದೇ ಕೆಸರಿಗೆ ಇಳಿಯುವುದು ಇಲ್ಲಿ ವಾಡಿಕೆ. ನೆರೆ ಇಳಿದ ಮನೆಯಲ್ಲಿ ಗೇಣುದ್ದ ಕೆಸರು ಕುಳಿತಿರುತ್ತದೆ. ಆಳು ಕರೆದು ಸಂಬಳ ಕೊಟ್ಟು ಶುಚಿ ಮಾಡಿಸುವವರು ಒಂದು ಕಡೆ, ಮನೆಯ ಹೆಂಗಸರೂ ಮಕ್ಕಳೂ ಸೇರಿ ಬರಿಗಾಲಿನಲ್ಲಿ, ಗೆರಟೆಯಲ್ಲೋ ತಟ್ಟೆಯಲ್ಲೋ ಕೆಸರು ಬಾಚಿ ಹೊರಹಾಕುವವರು ಇನ್ನೊಂದು ಕಡೆ. ಆ ಆಳಾಗಿ ಹೋಗುವವರೂ ಇವರೇ ಆಗಿರುವುದರಿಂದ, ಒಬ್ಬರೇ ಎರಡು ಮನೆಗಳ ಕೆಸರನ್ನು ತುಳಿದಿರುತ್ತಾರೆ. ರಬ್ಬರ್ ಬೂಟು ಹಾಕಿಕೊಳ್ಳಿ ಎಂಬ ಸಲಹೆ ಸರಿಯಾದದ್ದೇ. ಅದನ್ನು ಕೇಳಿಸಿಕೊಳ್ಳುವ ಮನೆಯಲ್ಲಿ ಬೂಟು ಇರುವುದಿಲ್ಲ ಎಂಬುದೂ ಅಷ್ಟೇ ನಿಜ.

ಏಳೆಂಟು ದಿನ ಕಳೆದು ಜ್ವರ ಬರುತ್ತದೆ, ತಲೆ ಸಿಡಿಯುತ್ತದೆ, ಕಣ್ಣು ಕೆಂಪಾಗುತ್ತದೆ, ಮೀನಖಂಡ ಮುಟ್ಟಲಾಗದಷ್ಟು ನೋಯುತ್ತದೆ. ವೈದ್ಯರಿಗೆ ಇಲಿಜ್ವರದ ಸಂದೇಹ ಹುಟ್ಟಿಸುವ ಮುಖ್ಯ ಲಕ್ಷಣಗಳಲ್ಲಿ ಮೀನಖಂಡದ ನೋವು ಒಂದು. ಆದರೆ ವಾರವಿಡೀ ಮಣ್ಣು ಹೊತ್ತವರಿಗೆ ಮೀನಖಂಡ ನೋಯುವುದು ರೋಗವಾಗಿ ಕಾಣುವುದು ಹೇಗೆ? ಅದು ಕೆಲಸದ ನೋವು. ಕಣ್ಣು ಕೆಂಪಾಗಿದ್ದು ಹೊಗೆಗೆ, ಜ್ವರ ಬಂದಿದ್ದು ಮಳೆಗೆ ನೆನೆದದ್ದಕ್ಕೆ. ಪ್ರತಿ ಲಕ್ಷಣಕ್ಕೂ ಬಡವರ ದಿನಚರಿಯಲ್ಲಿ ಇನ್ನೊಂದು ಕಾರಣ ಸಿದ್ಧವಾಗಿ ಕುಳಿತಿರುವುದರಿಂದ ಮೊದಲ ಮೂರು ದಿನ ಮೆಡಿಕಲ್ ಅಂಗಡಿಯ ಮಾತ್ರೆಯಲ್ಲಿ ಕಳೆಯುತ್ತದೆ. ಇದನ್ನು ಅಜ್ಞಾನವೆಂದು ಕರೆಯುವುದು ಸುಲಭ, ಆದರೆ ಸರಿಯಲ್ಲ.

ಈ ಮೂರು ದಿನಗಳೇ ದುಬಾರಿಯಾದವು. ಆರಂಭದಲ್ಲಿ ಸಿಕ್ಕಿಬಿದ್ದರೆ ಇಲಿಜ್ವರಕ್ಕೆ ಡಾಕ್ಸಿಸೈಕ್ಲಿನ್‌ನಂತಹ ಅಗ್ಗದ ಮಾತ್ರೆ ಸಾಕಾಗುತ್ತದೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತವಾಗಿಯೂ ಸಿಗುತ್ತದೆ. ತಡವಾದರೆ ರೋಗಾಣು ಯಕೃತ್ತು, ಮೂತ್ರಪಿಂಡ, ಶ್ವಾಸಕೋಶಗಳನ್ನು ಹಿಡಿಯುತ್ತದೆ; ಕಣ್ಣು ಹಳದಿಯಾಗುತ್ತದೆ, ಮೂತ್ರ ಕಡಿಮೆಯಾಗುತ್ತದೆ. 1886ರಲ್ಲಿ ಜರ್ಮನಿಯ ವೈದ್ಯ ಅಡಾಲ್ಫ್ ವೈಲ್ ವಿವರಿಸಿದ ಈ ತೀವ್ರ ರೂಪಕ್ಕೆ ವೈಲ್ ಕಾಯಿಲೆಯೆಂದೇ ಹೆಸರು. ಇಲ್ಲಿ ಇನ್ನೊಂದು ತೊಡಕಿದೆ. ಕಣ್ಣು ಹಳದಿಯಾಯಿತೆಂದರೆ ಅದು ಕಾಮಾಲೆ, ಕಾಮಾಲೆಗೆ ಕಿರುನೆಲ್ಲಿಯ ನಾಟಿ ಮದ್ದು ಎಂಬ ನಂಬಿಕೆ ತಲೆಮಾರುಗಳಿಂದ ಬಂದದ್ದು. ವೈರಸ್ಸಿನಿಂದ ಬರುವ ಸಾಧಾರಣ ಕಾಮಾಲೆ ಪಥ್ಯ ಮಾಡಿದರೆ ತಾನಾಗಿ ಇಳಿಯುವುದರಿಂದ ಮದ್ದಿಗೆ ಹೆಸರು ಬಂದಿದೆ. ಇಲಿಜ್ವರದ ಹಳದಿ ಹಾಗೆ ಇಳಿಯುವುದಿಲ್ಲ, ಮದ್ದಿನ ಪಥ್ಯದಲ್ಲಿ ಕಳೆದ ನಾಲ್ಕು ದಿನಗಳಲ್ಲಿ ಮೂತ್ರಪಿಂಡ ಡಯಾಲಿಸಿಸ್ ಬೇಡುವ ಸ್ಥಿತಿಗೆ ತಲುಪಬಹುದು.

ಪರೀಕ್ಷೆಯೂ ಇಲ್ಲಿ ಸುಲಭವಾಗಿ ಸಹಾಯಕ್ಕೆ ಬರುವುದಿಲ್ಲ. ಸಾಮಾನ್ಯವಾಗಿ ಮಾಡುವ ರಕ್ತಪರೀಕ್ಷೆ ರೋಗಾಣುವಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು ಹುಡುಕುತ್ತದೆ, ಆ ಪ್ರತಿಕಾಯ ಜ್ವರ ಬಂದು ಐದಾರು ದಿನಗಳಾಗುವವರೆಗೆ ಸರಿಯಾಗಿ ಕಾಣಿಸಿಕೊಳ್ಳುವುದಿಲ್ಲ. ಎರಡನೆಯ ದಿನ ಮಾಡಿದ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂದರೆ ಅನುಕೂಲಸ್ಥರು ಮೂರು ದಿನ ಬಿಟ್ಟು ಮತ್ತೊಮ್ಮೆ ಮಾಡಿಸುತ್ತಾರೆ. ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಲ್ಯಾಬಿನ ದುಡ್ಡು ಸೇರಿಸಿ ಒಂದು ಸಲ ಬಂದುಹೋದವರು ‘ಏನೂ ಇಲ್ಲವಂತೆ’ ಎಂಬ ಮಾತನ್ನು ನಂಬಿ ಮನೆಯಲ್ಲೇ ಉಳಿಯುತ್ತಾರೆ. ಆದ್ದರಿಂದಲೇ, ನೆರೆಯ ಬಳಿಕದ ಜ್ವರದಲ್ಲಿ ವರದಿಗೆ ಕಾಯದೆ ಲಕ್ಷಣ ನೋಡಿಯೇ ಔಷಧ ಶುರುಮಾಡಬೇಕೆಂದು ವೈದ್ಯರಿಗೆ ಸೂಚಿಸಲಾಗುತ್ತದೆ. ಕೆಸರಿನಲ್ಲಿ ಕೆಲಸ ಮಾಡಲೇಬೇಕಾದವರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್, ಅಂದರೆ ನೂರರ ಎರಡು ಮಾತ್ರೆಗಳನ್ನು ಮುಂಜಾಗ್ರತೆಯಾಗಿ ಕೊಡುವ ಕ್ರಮವನ್ನು ಕೇರಳ 2018ರಲ್ಲಿ ದೊಡ್ಡ ಪ್ರಮಾಣದಲ್ಲಿ ಅನುಸರಿಸಿತು. ಗರ್ಭಿಣಿಯರಿಗೂ ಸಣ್ಣ ಮಕ್ಕಳಿಗೂ ಇದು ಸಲ್ಲದು, ಯಾರಿಗೆ ಬೇಕು ಯಾರಿಗೆ ಬೇಡವೆಂಬುದನ್ನು ವೈದ್ಯರೇ ಹೇಳಬೇಕು.

ಇನ್ನು ಬಾವಿಯ ವಿಷಯ. ಕರಾವಳಿಯ ಮನೆಗಳಿಗೆ ಅಂಗಳದ ಬಾವಿಯೇ ಇಂದಿಗೂ ಜೀವ. ಇಲ್ಲಿಯ ಮುರಕಲ್ಲು ತೂತುತೂತಾದ ಕಲ್ಲು, ಮಳೆಯ ನೀರನ್ನು ಬೇಗ ಹೀರಿ ಬೇಗ ಬಾವಿಗೆ ಇಳಿಸುತ್ತದೆ. ಆ ಗುಣವೇ ಪಕ್ಕದ ಶೌಚದ ಗುಂಡಿಯ ನೀರನ್ನೂ ಅಷ್ಟೇ ಬೇಗ ಇಳಿಸುತ್ತದೆ. ಬಾವಿಗೂ ಗುಂಡಿಗೂ ನಡುವೆ ಕನಿಷ್ಠ 15 ಮೀಟರ್, ಹತ್ತಿರ ಹತ್ತಿರ 50 ಅಡಿ ಅಂತರವಿರಬೇಕೆಂಬುದು ಸಾರ್ವಜನಿಕ ಆರೋಗ್ಯದ ಹಳೆಯ ನಿಯಮ. ಈಗ ನಮ್ಮ ಕಡೆಯ ಐದು ಸೆಂಟ್ಸ್ ಕಾಲೊನಿಯೊಂದನ್ನು ಕಣ್ಣಮುಂದೆ ತಂದುಕೊಳ್ಳಿ. ಐದು ಸೆಂಟ್ಸ್ ಅಂದರೆ 2,178 ಚದರ ಅಡಿ, 66 ಅಡಿ ಉದ್ದ 33 ಅಡಿ ಅಗಲದ ಒಂದು ತುಂಡು. ಒಂದು ತುದಿಯಲ್ಲಿ ಬಾವಿ, ಇನ್ನೊಂದು ತುದಿಯಲ್ಲಿ ಗುಂಡಿ ತೋಡಿದರೆ ನಿಯಮ ಹೇಗೋ ಪಾಲನೆಯಾದೀತು. ಆದರೆ ಪಕ್ಕದ ತುಂಡಿನವರ ಗುಂಡಿ ನಮ್ಮ ಬಾವಿಯಿಂದ ಇಪ್ಪತ್ತೋ ಮೂವತ್ತೋ ಅಡಿ ದೂರದಲ್ಲಿ ಬಂದು ಕೂರುತ್ತದೆ. ಅವರ ತಪ್ಪೂ ಅಲ್ಲ, ನಮ್ಮದೂ ಅಲ್ಲ, ಆ ಅಳತೆಯಲ್ಲಿ ಅಷ್ಟೇ ಸಾಧ್ಯ. ಬೇಸಿಗೆಯಲ್ಲಿ ಹೇಗೋ ನಡೆದುಹೋಗುವ ಈ ವ್ಯವಸ್ಥೆ, ನೆಲದಡಿಯ ನೀರು ಮೇಲೇರಿ ಗುಂಡಿಯೂ ಬಾವಿಯೂ ಒಂದೇ ಮಟ್ಟಕ್ಕೆ ಬಂದ ದಿನ ಕೈಕೊಡುತ್ತದೆ. ಕಟ್ಟೆಯಿಲ್ಲದ ಬಾವಿಯಾದರಂತೂ ನೆರೆಯ ನೀರು ನೇರವಾಗಿ ಒಳಗೇ ಸುರಿಯುತ್ತದೆ.

ನೆರೆ ಇಳಿದ ಊರಿಗೆ ಆಶಾ ಕಾರ್ಯಕರ್ತೆ ಬ್ಲೀಚಿಂಗ್ ಪೌಡರ್ ಹಿಡಿದು ಬರುವುದನ್ನು ಕಂಡವರಿಗೆ ಅದು ಒಂದು ಹಿಡಿ ಪುಡಿಯನ್ನು ಬಾವಿಗೆ ಎರಚುವ ಕೆಲಸವೆನಿಸಬಹುದು. ಕ್ರಮ ಹಾಗಲ್ಲ. ಮೊದಲು ಬಾವಿಯಲ್ಲಿರುವ ನೀರು ಎಷ್ಟೆಂದು ಅಂದಾಜು ಮಾಡಬೇಕು. ಎರಡು ಮೀಟರ್ ಅಗಲದ ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಅದು ಸುಮಾರು ಹನ್ನೆರಡೂವರೆ ಸಾವಿರ ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಉತ್ತಮ ಗುಣಮಟ್ಟದ ಪುಡಿಯ ಲೆಕ್ಕದಲ್ಲಿ ಮೂವತ್ತು ಗ್ರಾಮಿಗಿಂತ ಸ್ವಲ್ಪ ಹೆಚ್ಚು ಬೇಕು. ಪುಡಿಯನ್ನು ಬಕೆಟ್ಟಿನಲ್ಲಿ ಸ್ವಲ್ಪ ನೀರಿನೊಂದಿಗೆ ಗಂಟಿಲ್ಲದಂತೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿಸಿ, ಐದು ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳ ಸೇರುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ಬಾವಿಗಿಳಿಸಿ, ನೀರಿನೊಳಗೆ ಮೇಲೆ ಕೆಳಗೆ ಆಡಿಸಬೇಕು. ಸುಣ್ಣವನ್ನು ಬಾವಿಗೆ ಸುರಿಯಬಾರದು, ನೀರು ಗಡುಸಾಗುತ್ತದೆ. ಅರ್ಧ ಗಂಟೆಯಾದರೂ ಕಾದ ಬಳಿಕವೇ ನೀರು ಸೇದಬೇಕು.

ನೆರೆಯ ಬಳಿಕ ಈ ಲೆಕ್ಕವೂ ಸಾಲುವುದಿಲ್ಲ. ಕ್ಲೋರಿನ್ ಕೆಸರನ್ನೂ ಕೊಳೆತ ಎಲೆಯನ್ನೂ ಸುಡುವುದರಲ್ಲೇ ಖರ್ಚಾಗಿಬಿಡುತ್ತದೆ, ರೋಗಾಣುವಿಗೆ ಉಳಿಯುವುದಿಲ್ಲ. ಬಾವಿಯ ನೀರನ್ನು ಪಂಪು ಹಚ್ಚಿ ಖಾಲಿ ಮಾಡಿ, ಕೆಸರೆತ್ತಿ, ಮತ್ತೆ ನೀರು ಬಂದ ಮೇಲೆ ಹೆಚ್ಚಿನ ಪ್ರಮಾಣದಲ್ಲಿ ಕ್ಲೋರಿನ್ ಹಾಕಬೇಕಾಗುತ್ತದೆ. ಪಂಪಿಗೆ ಬಾಡಿಗೆ ಕೊಡಬೇಕು, ಬಾವಿಗೆ ಇಳಿಯುವವರಿಗೆ ಮಜೂರಿ ಕೊಡಬೇಕು. ಮಳೆ ನಿಲ್ಲದೆ ನೆಲದಡಿಯ ನೀರು ಇಳಿಯುವುದಿಲ್ಲವಾದ್ದರಿಂದ ಒಂದು ಸಲ ಹಾಕಿದ್ದು ಕೆಲವೇ ದಿನ ನಿಲ್ಲುತ್ತದೆ, ಮತ್ತೆ ಹಾಕಬೇಕು. ಉಡುಪಿಯ ಇಂದ್ರಾಣಿ ತೋಡಿನ ಬದಿಯ ಬಾವಿಗಳು ನೆರೆಯಿಲ್ಲದ ದಿನಗಳಲ್ಲೂ ಕೊಳಚೆಯಿಂದ ಕೆಟ್ಟಿರುವ ದೂರು ಹಳೆಯದು. ಅಂತಹ ಬಾವಿಗೆ ನೆರೆಯ ಬಳಿಕ ಎಷ್ಟು ಪುಡಿ ಹಾಕಿದರೂ ಅದು ತಾತ್ಕಾಲಿಕ ಉಪಾಯವೇ.

‘ನೀರನ್ನು ಕುದಿಸಿ ಆರಿಸಿ ಕುಡಿಯಿರಿ’ ಎಂಬ ಮಾತು ಧ್ವನಿವರ್ಧಕದಲ್ಲಿ ಕೇಳಿಬರುತ್ತದೆ. ಆ ಮಾತಿಗೆ ತಗಲುವ ಖರ್ಚನ್ನು ನಾವು ಲೆಕ್ಕ ಹಾಕುವುದು ಕಡಿಮೆ. ಐದು ಜನರ ಮನೆಗೆ ದಿನಕ್ಕೆ ಹದಿನೈದು ಲೀಟರಾದರೂ ಕುಡಿಯುವ ನೀರು ಬೇಕು. ಬೇಸಿಗೆಯಲ್ಲಿ ಕೂಡಿಟ್ಟ ಸೌದೆ, ಮಡಲು, ತೆಂಗಿನ ಸಿಪ್ಪೆಗಳೆಲ್ಲ ನೆರೆಯಲ್ಲಿ ನೆನೆದಿರುತ್ತವೆ. ಗ್ಯಾಸ್ ಸಿಲಿಂಡರನ್ನು ತಿಂಗಳಿಗೊಮ್ಮೆ ತುಂಬಿಸಲಾಗದೆ ಜೋಪಾನವಾಗಿ ಬಳಸುವ ಮನೆಗಳಿವು. ಒದ್ದೆ ಸೌದೆಯ ಒಲೆಯಲ್ಲಿ ಮೊದಲು ಬೇಯಬೇಕಾದದ್ದು ಕುಚ್ಚಲಕ್ಕಿಯ ಗಂಜಿ, ಅದಕ್ಕೇ ಗಂಟೆಗಟ್ಟಲೆ ಊದಬೇಕು. ಮುಚ್ಚಿದ ಅಡುಗೆಕೋಣೆಯಲ್ಲಿ ಆ ಹೊಗೆಯನ್ನು ನುಂಗುವವರು ಹೆಂಗಸರು ಮತ್ತು ಅವರ ಸೆರಗು ಹಿಡಿದು ಕೂತ ಮಕ್ಕಳು. ಮಳೆಗಾಲದ ದಮ್ಮು ಕೆಮ್ಮುಗಳಲ್ಲಿ ಒಂದು ಪಾಲು ಹೀಗೆ ಬಂದದ್ದು.

ಸೊಳ್ಳೆಯ ಕತೆ ಇದಕ್ಕಿಂತ ನಿಧಾನ. ಜೋರು ಮಳೆ ಮೊದಲಿಗೆ ಸೊಳ್ಳೆಮರಿಗಳನ್ನು ಕೊಚ್ಚಿಕೊಂಡೇ ಹೋಗುತ್ತದೆ, ಆದ್ದರಿಂದ ನೆರೆಯ ವಾರದಲ್ಲಿ ಸೊಳ್ಳೆ ಕಡಿಮೆಯೆನಿಸಬಹುದು. ಬಳಿಕ ಅಲ್ಲಲ್ಲಿ ನಿಂತ ನೀರಿನಲ್ಲಿ ಮೊಟ್ಟೆ ಒಡೆದು ಸೊಳ್ಳೆಯಾಗಲು ಒಂದು ವಾರ ಹತ್ತು ದಿನ, ಅದು ಡೆಂಗಿ ರೋಗಿಯೊಬ್ಬರ ರಕ್ತ ಹೀರಿ ತಾನು ರೋಗ ಹರಡುವಂತಾಗಲು ಸುಮಾರು ಇನ್ನಷ್ಟೇ ದಿನ, ಕಚ್ಚಿಸಿಕೊಂಡವರಿಗೆ ಜ್ವರ ಬರಲು ಮತ್ತೆ ನಾಲ್ಕರಿಂದ ಹತ್ತು ದಿನ. ಎಲ್ಲ ಸೇರಿದರೆ ತಿಂಗಳಾಗುತ್ತದೆ. ಗಾಳಿಗೆ ಹೆಂಚು ಹಾರಿದ ಮಾಡಿಗೆ ಹೊದೆಸಿದ ಟಾರ್ಪಾಲು ಇದರಲ್ಲಿ ವಹಿಸುವ ಪಾತ್ರವನ್ನು ಗಮನಿಸಬೇಕು. ಹಾಗೆ ಹೊದೆಸಿದ ಹಾಳೆಯ ಪ್ರತಿ ಮಡಿಕೆಯಲ್ಲೂ ಒಂದೊಂದು ಬೊಗಸೆ ನೀರು ನಿಲ್ಲುತ್ತದೆ, ಡೆಂಗಿಯ ಈಡಿಸ್ ಸೊಳ್ಳೆಗೆ ಅಷ್ಟು ಸಾಕು. ಅದರ ಮೊಟ್ಟೆ ನೀರಿಲ್ಲದೆಯೂ ತಿಂಗಳುಗಟ್ಟಲೆ ಒಣಗಿ ಕಾದಿದ್ದು ಮುಂದಿನ ಮಳೆಗೆ ಒಡೆಯುತ್ತದೆ. ಪರಿಹಾರವಾಗಿ ಹಂಚಿದ ಟಾರ್ಪಾಲು ಹೀಗೆ ಇನ್ನೊಂದು ತೊಂದರೆಗೆ ತೊಟ್ಟಿಲಾಗುವುದನ್ನು ಹಂಚುವವರು ಯೋಚಿಸಿರುವುದಿಲ್ಲ, ಬಿಗಿಯಾಗಿ ಎಳೆದು ಇಳಿಜಾರಾಗಿ ಕಟ್ಟಿಕೊಡಲು ಯಾರಾದರೂ ಜೊತೆಗೆ ಬಂದಿದ್ದರೆ ಅದು ತಪ್ಪುತ್ತಿತ್ತು.

ಬರದಲ್ಲೂ ಇದೇ ಸೊಳ್ಳೆ ಬೆಳೆಯುತ್ತದೆ. 2019ರ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟೆಯ ನೀರು ಇಳಿದು ಮಂಗಳೂರಿನಲ್ಲಿ ಸರದಿಯ ಮೇಲೆ ನೀರು ಬಿಡಬೇಕಾಯಿತು. ಸಂಪು, ಓವರ್‌ಹೆಡ್ ಟ್ಯಾಂಕು ಇದ್ದವರು ಅವುಗಳಲ್ಲಿ ತುಂಬಿಸಿಟ್ಟರು, ಇಲ್ಲದವರು ಮುಚ್ಚಳವಿಲ್ಲದ ಡ್ರಮ್ಮು ಕೊಡಪಾನಗಳಲ್ಲಿ ತುಂಬಿಸಿಟ್ಟರು. ಅದೇ ವರ್ಷದ ಮಳೆಗಾಲದಲ್ಲಿ ನಗರದಲ್ಲಿ ಡೆಂಗಿ ಜೋರಾಗಿ ಹಬ್ಬಿತು. ಒಂದರಿಂದಲೇ ಇನ್ನೊಂದಾಯಿತೆಂದು ನಾನು ಹೇಳುವುದಿಲ್ಲ, ಆದರೆ ನೀರು ಕೂಡಿಡುವ ಪಾತ್ರೆಗೂ ಡೆಂಗಿಗೂ ಇರುವ ನಂಟು ಲೋಕಕ್ಕೇ ಗೊತ್ತಿರುವಂಥದ್ದು.

ಮಲೇರಿಯಾ ಮಂಗಳೂರಿನಲ್ಲಿ ಹೆಚ್ಚಾಗಿ ಕಟ್ಟಡ ಕಾರ್ಮಿಕರ ರೋಗ. ಬಾಗಲಕೋಟೆ, ಕೊಪ್ಪಳ, ರಾಯಚೂರುಗಳ ಕಡೆಯಿಂದ ಬಂದು ನಿರ್ಮಾಣ ಸ್ಥಳದ ಶೆಡ್ಡುಗಳಲ್ಲಿ ಉಳಿಯುವವರನ್ನು ಅದು ಮೊದಲು ಹಿಡಿಯುತ್ತದೆ. 2015ರ ಬಳಿಕ ನಗರದಲ್ಲಿ ಪ್ರತಿ ಪ್ರಕರಣವನ್ನೂ ಟ್ಯಾಬ್‌ನಲ್ಲಿ ದಾಖಲಿಸಿ ಬೆನ್ನುಹತ್ತುವ ವ್ಯವಸ್ಥೆ ಬಂದು ಸಂಖ್ಯೆ ಬಹಳ ಇಳಿಯಿತು, ಇದು ಹೆಮ್ಮೆಪಡಬೇಕಾದ ಕೆಲಸ. ಆದರೂ ಇಲ್ಲಿ ಹೆಚ್ಚಾಗಿ ಕಾಣುವ ವೈವ್ಯಾಕ್ಸ್ ಮಲೇರಿಯಾದ ರೋಗಾಣು ಯಕೃತ್ತಿನಲ್ಲಿ ಅಡಗಿ ತಿಂಗಳುಗಳ ಬಳಿಕ ಮತ್ತೆ ಏಳುತ್ತದೆ, ಅದನ್ನು ಬೇರುಸಹಿತ ಕೀಳಲು ಪ್ರಿಮಾಕ್ವಿನ್ ಮಾತ್ರೆಯನ್ನು ಹದಿನಾಲ್ಕು ದಿನ ತಪ್ಪದೆ ನುಂಗಬೇಕು. ಶೆಡ್ಡಿಗೆ ನೀರು ನುಗ್ಗಿ, ಕೆಲಸ ನಿಂತು, ಐದನೆಯ ದಿನ ಊರಿಗೆ ಬಸ್ಸು ಹತ್ತಿದವರ ಉಳಿದ ಒಂಬತ್ತು ದಿನದ ಮಾತ್ರೆಯನ್ನು ಯಾರು ಎಣಿಸಬೇಕು?

ಮಾತ್ರೆ ತಪ್ಪುವುದು ಹಳೆಯ ರೋಗಗಳಲ್ಲಿ ಇನ್ನೂ ಸದ್ದಿಲ್ಲದೆ ನಡೆಯುತ್ತದೆ. ಸಕ್ಕರೆ ಕಾಯಿಲೆ, ಬಿಪಿ, ಕ್ಷಯ, ಅಪಸ್ಮಾರಗಳಿಗೆ ನಿತ್ಯ ಔಷಧ ತೆಗೆದುಕೊಳ್ಳುವವರು ಮನೆ ಬಿಟ್ಟು ಓಡುವಾಗ ಮಗುವನ್ನು ಎತ್ತಿಕೊಳ್ಳುತ್ತಾರೆ, ದನದ ಹಗ್ಗ ಬಿಚ್ಚುತ್ತಾರೆ, ರೇಷನ್ ಕಾರ್ಡು ಹುಡುಕುತ್ತಾರೆ. ಮಾತ್ರೆಯ ಡಬ್ಬ ಕಿಟಕಿಯ ದಂಡೆಯಲ್ಲೇ ಉಳಿಯುತ್ತದೆ. ಜೊತೆಗೆ ಚೀಟಿಯೂ ನೆನೆದು ಹೋಗಿರುವುದರಿಂದ ಕೇಂದ್ರಕ್ಕೆ ಬಂದ ವೈದ್ಯರಿಗೆ ‘ಒಂದು ಸಣ್ಣ ಬಿಳಿ ಮಾತ್ರೆ’ ಎಂದಷ್ಟೇ ಹೇಳಲು ಗೊತ್ತು. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಹೋಗಬೇಕಾದವರಿಗೆ ರಸ್ತೆ ಮುಳುಗಿದರೆ ಉಳಿದಿರುವುದು ಗಂಟೆಗಳ ಲೆಕ್ಕ. ಗರ್ಭಿಣಿಯರ ತಾಯಿ ಕಾರ್ಡು ಕಳೆದುಹೋದರೆ ರಕ್ತದ ಗುಂಪಿನಿಂದ ಹಿಡಿದು ಎಲ್ಲವನ್ನೂ ಮತ್ತೆ ಮೊದಲಿನಿಂದ ಬರೆಸಬೇಕು. ಕೇಂದ್ರದಲ್ಲಿ ಶೌಚಾಲಯ ಕಡಿಮೆಯಿರುವುದರಿಂದ ಹೆಂಗಸರು ನೀರನ್ನೇ ಕಡಿಮೆ ಕುಡಿಯುತ್ತಾರೆ, ಮೂತ್ರದ ಸೋಂಕು ಮನೆಗೆ ಮರಳಿದ ಬಳಿಕ ಶುರುವಾಗುತ್ತದೆ.

ಕಡಲ ಬದಿಯ ಸಂಕಟದ ಬಗೆ ಬೇರೆ. ಉಳ್ಳಾಲ, ಸೋಮೇಶ್ವರ, ಉಚ್ಚಿಲಗಳಿಂದ ಪಡುಕೆರೆ, ಮರವಂತೆಗಳವರೆಗೆ ಕಡಲ್ಕೊರೆತ ಪ್ರತಿ ಮಳೆಗಾಲದ ಸುದ್ದಿ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಈ ತೀರವನ್ನು ಕೊರೆದಾಗ ಕೋವಿಡ್‌ನ ಎರಡನೆಯ ಅಲೆ ತುದಿಯಲ್ಲಿತ್ತು. ಮನೆಯಲ್ಲಿ ಉಳಿದರೆ ಕಡಲು, ಕೇಂದ್ರಕ್ಕೆ ಹೋದರೆ ಸೋಂಕು ಎಂಬ ಇಕ್ಕಟ್ಟು. ಕಡಲಿನ ಅಲೆ ಮೊದಲು ಕೆಡವುವುದು ಮನೆಯ ಹಿಂದಿನ ಶೌಚಾಲಯವನ್ನೋ ತೆಂಗಿನ ಮರವನ್ನೋ, ಮನೆ ಆಮೇಲೆ. ಉಪ್ಪು ಸೇರಿದ ಬಾವಿ ಬೇಗ ಸರಿಯಾಗುವುದಿಲ್ಲ, ಕುದಿಸಿದರೂ ಕ್ಲೋರಿನ್ ಹಾಕಿದರೂ ಉಪ್ಪು ಹೋಗುವುದಿಲ್ಲ. ಬಾಂಗ್ಲಾದೇಶದ ಕರಾವಳಿಯಲ್ಲಿ ಉಪ್ಪಾದ ನೀರು ಕುಡಿಯುವ ಗರ್ಭಿಣಿಯರಲ್ಲಿ ರಕ್ತದೊತ್ತಡದ ತೊಂದರೆ ಹೆಚ್ಚಿರುವುದನ್ನು ಅಧ್ಯಯನಗಳು ಗುರುತಿಸಿವೆ. ಟ್ಯಾಂಕರಿಗೆ ಕಾಯುವ ನಮ್ಮ ತೀರದ ಮನೆಗಳ ಬಿಪಿಯನ್ನು ಆ ಕಣ್ಣಿನಿಂದ ನೋಡುವುದು ಅಗತ್ಯ.

ಗುಡ್ಡದ ಬುಡದವರ ಅಪಾಯಕ್ಕೆ ಹೆಚ್ಚು ವಿವರಣೆ ಬೇಡ. ಮೇಲೆ ಮುರಕಲ್ಲು, ಅದರಡಿ ಶೇಡಿ ಎಂಬ ಮೆತ್ತನೆಯ ಜೇಡಿಮಣ್ಣು; ಬುಡವನ್ನು ಕಡಿದು ಜಾಗ ಮಾಡಿದಲ್ಲಿ ಶೇಡಿ ನೀರುಂಡು ಜಾರಿದರೆ ಮೇಲಿನದೆಲ್ಲ ಕೂಡಿ ಬರುತ್ತದೆ. ಆಸ್ಪತ್ರೆಗೆ ಹೋಗುವ ದಾರಿಯೂ ಅಪಾಯದ್ದೇ ಆಗಿರುವ ಊರುಗಳು ಇನ್ನೂ ಇವೆ: 2022ರ ಆಗಸ್ಟಿನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ನೀರುಪಾಲಾದಳು. ಆ ಸಂಕದ ಮೇಲೆ ಜ್ವರದವರನ್ನು ಹೊತ್ತುಕೊಂಡು ದಾಟುವುದನ್ನು ಊಹಿಸಿಕೊಂಡರೆ, ಬೆಳಗಾಗಲಿ ನೋಡೋಣ ಎಂದು ಮನೆಯವರು ಏಕೆ ಹೇಳುತ್ತಾರೆಂದು ತಿಳಿಯುತ್ತದೆ.

ಇವೆಲ್ಲವನ್ನೂ ಒಂದಕ್ಕೊಂದು ಹೆಣೆಯುವುದು ದುಡ್ಡು. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಿರುವುದರಿಂದ ದಕ್ಕೆಯ ಕೆಲಸ ನಿಂತಿರುತ್ತದೆ, ಕಟ್ಟಡದ ಕೆಲಸ ಕುಂಟುತ್ತಿರುತ್ತದೆ. ಮನೆಯಲ್ಲಿ ಬೀಡಿ ಕಟ್ಟುವವರ ಎಲೆ ತಂಡಿಗೆ ಬೂಸ್ಟು ಹಿಡಿದರೆ ಆ ನಷ್ಟವೂ ಅವರದೇ. ಕೈ ಖಾಲಿಯಿರುವ ಈ ತಿಂಗಳುಗಳಲ್ಲೇ ನೆರೆಯೂ ಬರುತ್ತದೆ, ಜ್ವರವೂ ಬರುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಖರ್ಚು ಸಿಗುತ್ತದೆ, ವೆನ್ಲಾಕ್‌ನಂತಹ ದೊಡ್ಡ ಸರ್ಕಾರಿ ಆಸ್ಪತ್ರೆ ಮಂಗಳೂರಿನಲ್ಲಿದೆ. ಇವು ಸಣ್ಣ ಸಂಗತಿಗಳಲ್ಲ. ಆದರೆ ದಾಖಲಾಗುವ ಮುನ್ನಿನ ಓಡಾಟ, ಜೊತೆಗಿರುವವರ ಊಟ, ಇಬ್ಬರ ಕೂಲಿಯ ನಷ್ಟ ಯಾವ ಕಾರ್ಡಿನಲ್ಲೂ ಬರುವುದಿಲ್ಲ. ಸಂಘದ ಸಾಲದ ವಾರದ ಕಂತು ಮಳೆಗೆ ನಿಲ್ಲುವುದಿಲ್ಲ, ಜ್ವರಕ್ಕೂ ನಿಲ್ಲುವುದಿಲ್ಲ. ಕಂತು ಕಟ್ಟಲು ಕಿವಿಯೋಲೆ ಅಡವಿಡುತ್ತಾರೆ, ಓಲೆ ಬಿಡಿಸಲು ಜ್ವರ ಪೂರ್ತಿ ಇಳಿಯುವ ಮೊದಲೇ ಕೆಲಸಕ್ಕೆ ಹೋಗುತ್ತಾರೆ, ಮಕ್ಕಳ ತಟ್ಟೆಯಿಂದ ಮೀನೂ ಮೊಟ್ಟೆಯೂ ಮರೆಯಾಗುತ್ತವೆ. ಮುಂದಿನ ವರ್ಷದ ಮಳೆಗಾಲಕ್ಕೆ ಆ ಮನೆ ಈ ವರ್ಷಕ್ಕಿಂತ ಬಡವಾಗಿ, ಮೈಯಲ್ಲಿ ಇನ್ನಷ್ಟು ಸೋತು ತಲುಪುತ್ತದೆ.

ಹಾಗಾದರೆ ಮಾಡಬಹುದಾದದ್ದೇನು? ಬೈಲಿನಿಂದ ಎಲ್ಲರನ್ನೂ ಎಬ್ಬಿಸಿ ಬೆಟ್ಟಿಗೆ ಕೂರಿಸುವುದು ನಾಳೆ ಆಗುವ ಮಾತಲ್ಲ. ನನ್ನ ಮಟ್ಟಿಗೆ ಕೈಗೆಟಕುವ ಒಂದು ಕೆಲಸವೆಂದರೆ ಕಾಳಜಿ ಕೇಂದ್ರ ಮುಚ್ಚಿದ ದಿನವನ್ನು ಆರೋಗ್ಯದ ಕೆಲಸ ಶುರುವಾಗುವ ದಿನವೆಂದು ಎಣಿಸುವುದು. ಅಲ್ಲಿ ತಂಗಿದ್ದವರ ಹೆಸರು, ಮನೆಯ ಗುರುತು ದಾಖಲೆಯಲ್ಲಿ ಇದ್ದೇ ಇರುತ್ತವೆ. ಅದೇ ಪಟ್ಟಿಯನ್ನು ಹಿಡಿದು ಆರನೆಯ ದಿನದಿಂದ ಮೂರು ವಾರ ಮನೆಮನೆಗೆ ಹೋಗಿ ಜ್ವರವಿದೆಯೇ, ಮೀನಖಂಡ ನೋಯುತ್ತಿದೆಯೇ, ಕೆಸರು ತೆಗೆದವರು ಯಾರು, ಮಾತ್ರೆ ಮುಗಿದಿದೆಯೇ ಎಂದು ಕೇಳಬಹುದು. ಕೇಳಬೇಕಾದವರು ಮತ್ತೆ ಆಶಾ ಕಾರ್ಯಕರ್ತೆಯರೇ. ಅವರ ಸ್ವಂತ ಮನೆಯೂ ಎಷ್ಟೋ ಸಲ ಅದೇ ಬೈಲಿನಲ್ಲಿರುತ್ತದೆ ಎಂಬುದನ್ನು ನೆನಪಿಟ್ಟು, ಅವರಿಗೆ ಮೊದಲು ಬೂಟು ಕೊಡಬೇಕು.

ಈ ಕೆಲಸ ಏಕೆ ಹಿಂದೆ ಬೀಳುತ್ತದೆಂದರೆ, ತಡವಾಗಿ ಬಂದ ಸಾವು ವಿಕೋಪದ ಲೆಕ್ಕಕ್ಕೆ ಸೇರುವುದು ಕಷ್ಟ. 2017ರ ಸೆಪ್ಟೆಂಬರಿನಲ್ಲಿ ಮರಿಯಾ ಚಂಡಮಾರುತ ಅಪ್ಪಳಿಸಿದಾಗ ಪೋರ್ಟೊರಿಕೊ ಸರ್ಕಾರ ಸತ್ತವರ ಸಂಖ್ಯೆಯನ್ನು 64 ಎಂದು ಹೇಳಿತ್ತು. ಮುಂದಿನ ಆರು ತಿಂಗಳಲ್ಲಿ ವಾಡಿಕೆಗಿಂತ ಎಷ್ಟು ಹೆಚ್ಚು ಜನ ಸತ್ತರೆಂದು ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ಹಾಕಿದಾಗ ಬಂದ ಅಂದಾಜು 2,975. ಸರ್ಕಾರ 2018ರ ಆಗಸ್ಟಿನಲ್ಲಿ ಅದನ್ನೇ ಒಪ್ಪಿಕೊಂಡಿತು. ಬಡ ಪುರಸಭೆಗಳಲ್ಲಿ ಸಾವಿನ ಅಪಾಯ ವಾಡಿಕೆಗಿಂತ ಶೇ 45ರಷ್ಟು ಹೆಚ್ಚಿತ್ತು, ಮತ್ತು ಅಧ್ಯಯನದ ಅವಧಿ ಮುಗಿದ 2018ರ ಫೆಬ್ರವರಿಯವರೆಗೂ ಅದು ಇಳಿದಿರಲಿಲ್ಲ.

ನಮ್ಮಲ್ಲಿ ವಿಪತ್ತು ಪರಿಹಾರ ನಿಧಿಯ 2022ರಿಂದೀಚಿನ ಮಾನದಂಡದಂತೆ ಪ್ರಕೃತಿ ವಿಕೋಪದಲ್ಲಿ ಸತ್ತವರ ಕುಟುಂಬಕ್ಕೆ ನಾಲ್ಕು ಲಕ್ಷ ರೂಪಾಯಿ, ತೀವ್ರವಾಗಿ ಗಾಯಗೊಂಡು ಒಂದು ವಾರಕ್ಕಿಂತ ಹೆಚ್ಚು ಆಸ್ಪತ್ರೆಯಲ್ಲಿದ್ದವರಿಗೆ 16,000, ಅದಕ್ಕಿಂತ ಕಡಿಮೆ ಅವಧಿಗೆ 5,400 ರೂಪಾಯಿ ಸಿಗುತ್ತದೆ. ಸಾವು ವಿಕೋಪದಿಂದಲೇ ಆದದ್ದೆಂದು ಸಂಬಂಧಪಟ್ಟ ಅಧಿಕಾರಿ ದೃಢೀಕರಿಸಬೇಕು. ತೋಡಿನಲ್ಲಿ ಕೊಚ್ಚಿಹೋದವರ ವಿಷಯದಲ್ಲಿ ಇದು ಕಷ್ಟವಲ್ಲ. ನೆರೆ ಇಳಿದ ಹನ್ನೆರಡನೆಯ ದಿನ ಜ್ವರ ಬಂದು ಇಪ್ಪತ್ತನೆಯ ದಿನ ತೀರಿಕೊಂಡವರ ಮರಣದ ಕಾರಣವೆಂದು ಆಸ್ಪತ್ರೆ ಇಲಿಜ್ವರ, ಮೂತ್ರಪಿಂಡ ವೈಫಲ್ಯ ಎಂದು ಬರೆಯುತ್ತದೆ, ಅದು ಸರಿಯೂ ಹೌದು. ಅವರು ಯಾವ ದಿನ, ಯಾರ ಮನೆಯ ಕೆಸರಿನಲ್ಲಿ, ಬರಿಗಾಲಿನಲ್ಲಿ ನಿಂತಿದ್ದರೆಂದು ಬರೆಯಲು ಆ ನಮೂನೆಯಲ್ಲಿ ಜಾಗವಿಲ್ಲ.